ದೇವೀರಮ್ಮ ಸಹಿ ಹಾಕದ ನಗು

ಅರ್ಜಿ ಕೊಟ್ಟು ಬಂದ ದಿನವೇ ಮನೆಯ ಒಂದು ಮೂಲೆಯಲ್ಲಿ ಮಣೆ ಹಾಕಿಡಬೇಕು. ನಮ್ಮ ಊರಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆಚೆ ಸೀಮೆಯಲ್ಲಿರುವ ತಾಯಿಯನ್ನೋ ತಮ್ಮನನ್ನೋ ಇಲ್ಲಿಗೆ ಕರೆಸಿಕೊಳ್ಳಬೇಕೆಂದು ನೀವು ಅರ್ಜಿ ಹಾಕಿದರೆ ಅವರು ಪೆಟ್ಟಿಗೆ ಹಿಡಿದುಕೊಂಡು ಒಂದೇ ಸಲಕ್ಕೆ ಬಂದು ಇಳಿಯುವುದಿಲ್ಲ. ಸ್ವಲ್ಪಸ್ವಲ್ಪವಾಗಿ ಬರುತ್ತಾರೆ. ಮೊದಲು ಕೆಮ್ಮು ಬಂದು ಮಣೆಯ ಮೇಲೆ ಕೂರಬಹುದು. ನಾಲ್ಕು ತಿಂಗಳು ಬಿಟ್ಟು ಮೈಯ ವಾಸನೆ ಬರಬಹುದು. ಎಲ್ಲ ಮುಗಿದ ಮೇಲೆ, ವರ್ಷಕ್ಕೋ ಮೂರು ವರ್ಷಕ್ಕೋ, ಮನುಷ್ಯ ಬರುತ್ತಾನೆ. ನನ್ನ ಮಾವನವರ ಗೊರಕೆ ಅವರಿಗಿಂತ ಒಂದೂವರೆ ವರ್ಷ ಮೊದಲೇ ಬಂದು ನಮ್ಮ ನಡುಮನೆಯಲ್ಲಿ ಬೀಡುಬಿಟ್ಟಿತ್ತು. ಮಧ್ಯಾಹ್ನದ ಊಟವಾದ ಕೂಡಲೇ ಶುರುವಾಗುತ್ತಿತ್ತು. ನನ್ನ ಹೆಂಡತಿ ಆ ಮಣೆಗೆ ಹೊದಿಕೆ ಹೊದಿಸಿ, ಸದ್ದಾಗದ ಹಾಗೆ ಪಾತ್ರೆ ತೊಳೆಯುತ್ತಿದ್ದಳು.

ನಾನು ಆಗಮನ ಕಚೇರಿಯಲ್ಲಿ ಗುರುತು ಗುಮಾಸ್ತ. ಯಾರ ಮನೆಗಾದರೂ ಏನಾದರೂ ಬಂದಿದೆ ಎಂದು ಸುದ್ದಿ ಮುಟ್ಟಿದರೆ ನಾನು ರಿಜಿಸ್ಟರ್ ಹಿಡಿದುಕೊಂಡು ಹೋಗಿ ಮೂರು ಬೆಳಿಗ್ಗೆ ಆ ಮಣೆಯ ಪಕ್ಕ ಕೂರಬೇಕು. ಬಂದದ್ದು ಏನು, ಯಾವ ಹೊತ್ತಿಗೆ ಕೇಳಿಸಿತು, ಆಗ ಮನೆಯವರು ಏನು ಮಾಡುತ್ತಿದ್ದರು, ಎಲ್ಲವನ್ನೂ ಬರೆಯಬೇಕು. ಆಮೇಲೆ ಅರ್ಜಿದಾರರನ್ನು ಕೇಳಬೇಕು: ಇದು ನಿಮ್ಮವರದೇ? ಹೌದೆಂದರೆ ಸಹಿ. ಉಳಿದ ಗುಮಾಸ್ತರು ಒಂದು ಕಾಫಿ ಕುಡಿದು, ಎರಡು ಸಾಲು ಗೀಚಿ ಎದ್ದುಬಿಡುತ್ತಾರೆ. ನಾನು ನಿಮಿಷ ಸಮೇತ ಬರೆಯುತ್ತೇನೆ. ಅದಕ್ಕೇ ಕಚೇರಿಯಲ್ಲಿ ನನಗೆ ಗಡಿಯಾರಪ್ಪ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ.

ಈ ಕೆಲಸದಲ್ಲಿ ಇಪ್ಪತ್ತಾರು ವರ್ಷ ಕಳೆದ ಮೇಲೆ ಜನರ ಮೇಲೆ ನನಗೆ ದೊಡ್ಡ ನಂಬಿಕೆಯೇನೂ ಉಳಿದಿರಲಿಲ್ಲ. ಕಾದು ಕಾದು ಬೇಸತ್ತವರು ಬೆಕ್ಕು ಸೀನಿದರೂ ನಮ್ಮಪ್ಪನದೇ ಎಂದು ಸಹಿ ಹಾಕುತ್ತಾರೆ. ವರ್ಷಕ್ಕೆ ಒಂದೆರಡು ದಾರಿ ತಪ್ಪಿ ಬರುವುದುಂಟು, ಈ ಬೀದಿಗೆ ಬರಬೇಕಾದ ಸೀನು ಪಕ್ಕದ ಬೀದಿಗೆ ಹೋಗುವುದುಂಟು. ತಪ್ಪು ಸಹಿ ಬಿದ್ದರೆ ಮಾತ್ರ ತಿದ್ದುಪಡಿ ಇಲ್ಲ. ಇಲ್ಲಿಗೆ ಬಂದದ್ದು ಅಲ್ಲಿ ಇರುವುದಿಲ್ಲವಲ್ಲ, ಹಾಗಾಗಿ ಅದರ ನಿಜವಾದ ವಾರಸುದಾರ ಬದುಕಿರುವವರೆಗೂ ಅದಿಲ್ಲದೇ ಇರಬೇಕು. ನಮ್ಮ ಊರಿನಲ್ಲಿ ಆಕಳಿಕೆ ಇಲ್ಲದ ಒಬ್ಬ ಹೆಂಗಸಿದ್ದಾಳೆ. ಬಾಯಿ ತೆರೆಯುತ್ತಾಳೆ, ಕಾಯುತ್ತಾಳೆ, ಮುಚ್ಚುತ್ತಾಳೆ. ಅವಳನ್ನು ನೋಡಿದಾಗಲೆಲ್ಲ ಆ ಸಹಿ ಹಾಕಿಸಿಕೊಂಡ ಗುಮಾಸ್ತನ ಮೇಲೆ ನನಗೆ ಕೋಪ ಬರುತ್ತದೆ.

ದೇವೀರಮ್ಮ ನನಗೆ ಮೊದಲಿನಿಂದಲೂ ಗೊತ್ತು. ಹುಣಸೆಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದವಳು. ಗಂಡ ತೀರಿಕೊಂಡ ಮೇಲೆ ಗಾಡಿಯೂ ಅವಳದೇ, ಇದ್ದಿಲು ಹಾಕುವ ಹಿತ್ತಾಳೆ ಪೆಟ್ಟಿಗೆಯೂ ಅವಳದೇ. ನನ್ನ ಬಿಳಿ ಶರಟುಗಳೆಲ್ಲ ಅವಳ ಕೈಯಲ್ಲೇ ಗರಿಗರಿಯಾಗುತ್ತಿದ್ದವು. ನಲವತ್ತಾರು ವರ್ಷದ ಗಟ್ಟಿ ಹೆಂಗಸು, ನಾಲಗೆಯೂ ಗಟ್ಟಿ. ಇಪ್ಪತ್ತನಾಲ್ಕು ವರ್ಷದ ಹಿಂದೆ ಗಂಡ ಅವಳನ್ನು ಈ ಊರಿಗೆ ಕರೆಸಿಕೊಂಡಾಗ ಎಲ್ಲಕ್ಕಿಂತ ಮೊದಲು ಬಂದದ್ದು ಅವಳ ಬೈಗುಳವಂತೆ. ಎಂಟು ತಿಂಗಳು ಅದೊಂದನ್ನೇ ಕೇಳಿಕೊಂಡೂ ಆ ಮನುಷ್ಯ ಅರ್ಜಿ ವಾಪಸು ತೆಗೆದುಕೊಳ್ಳಲಿಲ್ಲ ಎಂದು ಅವಳೇ ಹೇಳಿ ಹೇಳಿ ಹೆಮ್ಮೆಪಡುತ್ತಿದ್ದಳು.

ಅವಳು ಅರ್ಜಿ ಹಾಕಿದ್ದು ಅಕ್ಕ ಪುಟ್ಟತಾಯಮ್ಮನಿಗೆ. ತಂದೆ ತಾಯಿ ಹೋದಾಗ ಅಕ್ಕನಿಗೆ ಹದಿನಾರು, ಇವಳಿಗೆ ನಾಲ್ಕು. ಇಬ್ಬರೂ ದೊಡ್ಡಪ್ಪನ ಮನೆಯಲ್ಲಿ ಬೆಳೆದರು. ಅಕ್ಕ ಆ ಮನೆಯ ಬಟ್ಟೆಯನ್ನೆಲ್ಲ ಒಗೆದು, ಮಡಿಸಿ, ಪಾತ್ರೆ ತೊಳೆದು ತಂಗಿಯನ್ನು ದೊಡ್ಡವಳನ್ನಾಗಿ ಮಾಡಿದಳು. ತಂಗಿಯ ಮದುವೆಯಾಯಿತು, ತಾನು ಆಗಲಿಲ್ಲ. ಈಗ ಅವಳಿಗೆ ಐವತ್ತೆಂಟು. ಅರವತ್ತು ದಾಟಿದವರ ಅರ್ಜಿಯನ್ನು ನಮ್ಮ ಕಚೇರಿ ತೆಗೆದುಕೊಳ್ಳುವುದಿಲ್ಲ. ಒಮ್ಮೆ ಫೈಲು ಮುಚ್ಚಿದರೆ ಮತ್ತೆ ಅರ್ಜಿ ಹಾಕಲು ಐದು ವರ್ಷ ಕಾಯಬೇಕು. ಅಂದರೆ ಅಕ್ಕ ಬರುವುದಿದ್ದರೆ ಇದೇ ಸಲ. ಇದನ್ನು ನಾನು ದೇವೀರಮ್ಮನಿಗೆ ಅರ್ಜಿಯ ದಿನವೇ ಬಿಡಿಸಿ ಹೇಳಿದ್ದೆ. ಫೈಲು ನಡೆಯುವಷ್ಟು ದಿನ ಅಕ್ಕನಿಗೆ ಕಾಗದ ಬರೆಯುವಂತಿಲ್ಲ, ಹೇಳಿ ಕಳಿಸುವಂತಿಲ್ಲ ಎಂಬುದನ್ನೂ ಹೇಳಿದ್ದೆ.

ಮೊದಲು ಬಂದದ್ದು ಹೆಜ್ಜೆ ಸಪ್ಪಳ. ಸವೆದ ಚಪ್ಪಲಿ ಹಿಮ್ಮಡಿಗೆ ಪಟಪಟ ಬಡಿಯುವ ಸದ್ದು. ಗಾಡಿಯ ಕೆಳಗಿನ ಮಣೆಯಿಂದ ಅದು ಎದ್ದ ಕೂಡಲೇ ದೇವೀರಮ್ಮ, "ಇದೇ, ಇದೇ ಸ್ವಾಮಿ, ಎಡಗಾಲು ಒಸಿ ಜೋರು, ಕೇಳಿ" ಎಂದು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು. ಆರು ತಿಂಗಳಾದ ಮೇಲೆ ಬಂದದ್ದು ಮಡಿಕೆ. ಇವಳು ಇಸ್ತ್ರಿ ಮಾಡಿ ಮಡಿಸಿಟ್ಟ ಶರಟುಗಳು ಸ್ವಲ್ಪ ಹೊತ್ತಿನಲ್ಲಿ ಬೇರೆ ಥರ ಮಡಚಿಕೊಂಡಿರುತ್ತಿದ್ದವು, ಎರಡೂ ತೋಳು ಎದೆಯ ಮೇಲೆ ಕೈಕಟ್ಟಿದ ಹಾಗೆ. ಊರಿನವರು ಎರಡು ದಿನ ಗೊಣಗಿ ಒಗ್ಗಿಹೋದರು. ನನಗಂತೂ ಬೆಳಿಗ್ಗೆ ಕೈಕಟ್ಟಿಕೊಂಡ ಶರಟನ್ನು ಬಿಡಿಸುವಾಗ ಏನೋ ಮರ್ಯಾದೆ ಸಿಕ್ಕಂತಾಗುತ್ತಿತ್ತು. ಅದಕ್ಕೂ ಸಹಿಯಾಯಿತು.

ಮೂರನೆಯದಾಗಿ ಬಂದದ್ದು ನಗು.

ಸುದ್ದಿ ಬಂದ ಮಾರನೆಯ ಬೆಳಿಗ್ಗೆ ನಾನು ಮರದ ಕೆಳಗೆ ಸ್ಟೂಲು ಹಾಕಿಕೊಂಡು ಕೂತೆ. ದೇವೀರಮ್ಮ ನನ್ನ ಶರಟು ನೋಡಿ, "ಬೂದಿ ಹಾರ್ತದೆ, ಆ ಕಡೆಗೆ ಕೂತ್ಕೊಳ್ಳಿ" ಎಂದು, ಬೀಸಣಿಗೆಯಿಂದ ಮೆಲ್ಲಗೆ ಇದ್ದಿಲಿಗೆ ಗಾಳಿ ಹಾಕತೊಡಗಿದಳು. ಎಂಟೂವರೆಯಾಯಿತು, ಒಂಬತ್ತಾಯಿತು, ಮಣೆ ಸುಮ್ಮನಿತ್ತು. ಶಾಲೆಯ ಮೇಷ್ಟ್ರು ಬಂದು ಅವಸರ ಮಾಡಿದರು. ಒಂಬತ್ತು ಹನ್ನೆರಡಕ್ಕೆ ಇದ್ದಕ್ಕಿದ್ದಂತೆ ಮಣೆಯಿಂದ ನಗು ಬಂತು. ಮೂಗಿನಲ್ಲಿ ಶುರುವಾಗಿ, ಸ್ವಲ್ಪ ಹೊತ್ತು ಬಿಗಿಹಿಡಿದು, ಇನ್ನು ತಡೆಯಲಾರೆ ಎನ್ನುವಂತೆ ಕಟ್ಟೆಯೊಡೆದು ಹೊರಬಂತು. ಹೊಟ್ಟೆ ಹಿಡಿದುಕೊಂಡು ನಗುವವರ ನಗು. ಮೇಷ್ಟ್ರಿಗೂ ನಗು ಬಂತು, ನನಗೂ ಬಂತು. ನಾನು ನಿಮಿಷ ಬರೆದುಕೊಂಡೆ. ದೇವೀರಮ್ಮ ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು, ಮುಖ ಗಂಟಿಕ್ಕಿತ್ತು.

"ನಮ್ಮಕ್ಕಂದಲ್ಲ ಇದು" ಎಂದಳು.

"ಸರಿಯಾಗಿ ಕೇಳಿಸ್ಕೊಳ್ಳಿ ದೇವೀರಮ್ಮ. ಇಪ್ಪತ್ನಾಲ್ಕು ವರ್ಷ ಆಗಿದೆ ನೀವು ಅವರನ್ನ ಬಿಟ್ಟು ಬಂದು."

"ಐವತ್ತು ಆಗ್ಲಿ. ನಮ್ಮಕ್ಕ ನಕ್ಕಿದ್ದನ್ನ ನಾನು ಹುಟ್ಟಿದಾಗಿಂದ ಕೇಳಿಲ್ಲ. ಇಲ್ಲದೇ ಇರೋದು ಹೆಂಗೆ ಬರ್ತದೆ?"

ಮೂರು ಬೆಳಿಗ್ಗೆ ಕೂತು ನಾನು ನಾಲ್ಕು ನಗು ಬರೆದುಕೊಂಡೆ. ನಾಲ್ಕಕ್ಕೂ ಅವಳ ಉತ್ತರ ಒಂದೇ. ದೊಡ್ಡಪ್ಪನ ಮನೆಯಲ್ಲಿ ದೊಡ್ಡಮ್ಮ, "ತಿನ್ನೋದು ನಮ್ಮನೆ ಅನ್ನ, ಹಲ್ಲು ಕಿಸಿಯೋದು ಯಾರ ಮನೇದು?" ಎನ್ನುತ್ತಿದ್ದಳಂತೆ. ಅದನ್ನು ಒಂದು ಸಲ ಕೇಳಿದ ಅಕ್ಕ ಎರಡನೆಯ ಸಲ ಕೇಳುವ ಹಾಗೆ ಮಾಡಿಕೊಳ್ಳಲಿಲ್ಲ. "ಅಳೋದೂ ನಮ್ ಮುಂದೆ ಅಲ್ಲ, ಗೋಡೆ ಕಡೆ ತಿರುಗ್ಕೊಂಡು ಅಳೋಳು" ಎಂದು ದೇವೀರಮ್ಮ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಜೋರಾಗಿ ಎಳೆದಳು.

ಬಂದದ್ದಕ್ಕೆ ನಲವತ್ತು ದಿನದೊಳಗೆ ಯಾರಾದರೂ ಸಹಿ ಹಾಕಲೇಬೇಕು. ಹಾಕದಿದ್ದರೆ ಅದು ವಾಪಸು ಹೋಗುತ್ತದೆ, ಹಿಂದೆ ಬಂದ ಹೆಜ್ಜೆ ಮಡಿಕೆ ಎಲ್ಲವೂ ಅದರ ಹಿಂದೆಯೇ ಹೊರಡುತ್ತವೆ, ಫೈಲು ಮುಚ್ಚುತ್ತದೆ. ದಾರಿ ತಪ್ಪಿ ಬಂದದ್ದೇ ಆಗಿದ್ದು, ಇನ್ನೊಬ್ಬ ಅರ್ಜಿದಾರ ಬಂದು ತನ್ನದೆಂದು ಸಹಿ ಹಾಕಿದರೆ ಮಾತ್ರ ಎರಡೂ ಫೈಲು ಮುಂದುವರಿಯುತ್ತವೆ. ನಾನು ಕಾನೂನು ಬಿಟ್ಟು ಮಾತಾಡುವವನಲ್ಲ. ಆದರೂ ಅವತ್ತು ಸ್ಟೂಲನ್ನು ಹತ್ತಿರ ಎಳೆದುಕೊಂಡು ತಗ್ಗಿದ ದನಿಯಲ್ಲಿ ಹೇಳಿದೆ.

"ನೋಡಿ ಅಮ್ಮ, ನಿಮ್ಮ ಮಣೆಗೆ ಬಂದಿದೆ. ನೀವು ಸಹಿ ಹಾಕಿದ್ರೆ ಯಾರೂ ಪ್ರಶ್ನೆ ಮಾಡಲ್ಲ. ಅಕ್ಕ ಬರ್ತಾರೆ."

ಅವಳು ಪೆಟ್ಟಿಗೆ ನಿಲ್ಲಿಸಿ ನನ್ನನ್ನೇ ನೋಡಿದಳು. "ನಮ್ಮಕ್ಕ ಬರ್ತಾಳೆ. ಇನ್ಯಾರದೋ ಅಕ್ಕ ಅಲ್ಲಿ ನಗು ಇಲ್ದೆ ಕೂತಿರ್ತಾಳಲ್ಲ, ಅವಳಿಗೆ ಯಾರು ಹೇಳೋರು? ಇಷ್ಟು ಚೆನ್ನಾಗಿ ನಗೋಳಂತೆ. ಪಾಪ, ಈಗ ಬಾಯಿ ಬಿಟ್ರೆ ಏನೂ ಇಲ್ಲ. ನೀವು ನಿಮಿಷ ನಿಮಿಷ ಬರೆಯೋರು, ನಿಮ್ ಬಾಯಲ್ಲಿ ಈ ಮಾತಾ ಗುಮಾಸ್ತ್ರೇ?"

ನನಗೆ ನಾಚಿಕೆಯಾಯಿತು. ಇಪ್ಪತ್ತಾರು ವರ್ಷದಲ್ಲಿ ಸಹಿ ಹಾಕು ಎಂದರೂ ಹಾಕದವರು ಅವಳೊಬ್ಬಳೇ. ಅದೂ ಇಷ್ಟು ಕಳೆದುಕೊಳ್ಳುವುದಿದ್ದು. ಆ ದಿನದಿಂದ ನಾನು ಅವಳನ್ನು ಮನಸ್ಸಿನಲ್ಲೂ ನೀವು ಎನ್ನತೊಡಗಿದೆ. ಇಲ್ಲಿ ಬರೆಯುವಾಗ ಅವಳು ಎಂದೇ ಬರುತ್ತಿದೆ, ಅದು ಸಲಿಗೆ.

ಹಾಗಾದರೆ ಇದರ ಮನೆ ಹುಡುಕೋಣ ಎಂದಳು. ಊರಿನಲ್ಲಿ ಆಗ ಅರವತ್ತೆರಡು ಮನೆಗಳ ಅರ್ಜಿ ನಡೆಯುತ್ತಿತ್ತು. ಗುಮಾಸ್ತನಿಲ್ಲದೆ ಮಣೆ ಹೊರಗೆ ಹೋಗುವಂತಿಲ್ಲವಾದ್ದರಿಂದ ನಾನೂ ಜೊತೆಗೆ ಹೊರಟೆ. ದಿನವೂ ನಾಲ್ಕು ಗಂಟೆಗೆ ಇದ್ದಿಲು ಆರಿಸಿ, ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ಮಣೆಯನ್ನು ಕೂಸಿನ ಹಾಗೆ ಸೊಂಟಕ್ಕೇರಿಸಿಕೊಂಡು ಅವಳು ಮುಂದೆ, ರಿಜಿಸ್ಟರ್ ಹಿಡಿದು ನಾನು ಹಿಂದೆ. ಗಂಡ ಸತ್ತವಳು ಕುಂಕುಮ ಇಟ್ಟಳೆಂದು ಯಾರೋ ಅಂದದ್ದಕ್ಕೆ, "ನಗು ಇಟ್ಕೊಂಡು ಹೊರಟಿದೀನಿ, ಬೋಳು ಹಣೇಲಿ ಹೋಗ್ಲಾ?" ಎಂದು ಬಾಯಿ ಮುಚ್ಚಿಸಿದಳು.

ಪ್ರತಿ ಮನೆಯಲ್ಲೂ ಮಣೆಯನ್ನು ನಡುಮನೆಯಲ್ಲಿ ಇಳಿಸಿ, "ನಿಮ್ಮೋರು ಹೆಂಗೆ ನಗ್ತಿದ್ರು, ಜ್ಞಾಪಕ ಮಾಡ್ಕೊಳ್ಳಿ" ಎನ್ನುತ್ತಿದ್ದಳು. ತೊಂದರೆಯೆಂದರೆ, ಆ ನಗು ಊರೆಲ್ಲ ಸುತ್ತಿದರೂ ತುಟಿ ಬಿಚ್ಚಲಿಲ್ಲ. ಜನ ಅದನ್ನು ನಗಿಸಲು ಮಾಡದ ಕೆಲಸವಿಲ್ಲ. ಒಂದು ಮನೆಯ ಯಜಮಾನರು ತಮ್ಮ ಮದುವೆಯಲ್ಲಿ ಪಂಚೆ ಬಿಚ್ಚಿಹೋದ ಕಥೆಯನ್ನು ಅಭಿನಯಿಸಿಯೇ ತೋರಿಸಿದರು. ಇನ್ನೊಂದು ಮನೆಯ ಮುದುಕಿ ಮಣೆಯ ಅಡಿಗೆ ಕೈ ಹಾಕಿ ಕಚಗುಳಿ ಇಟ್ಟಳು. ಮಣೆ ಗಂಭೀರವಾಗಿ ಕೂತಿತ್ತು. ಬೆಳಿಗ್ಗೆ ಗಾಡಿಯ ಹತ್ತಿರ ಒಂದೊಂದು ಸಲ ನಗುತ್ತಿತ್ತು, ಅದೂ ನನ್ನ ಎದುರಿಗೆ ಅಪರೂಪ. ಸಂಜೆ ಮೌನ. ಹೀಗೆ ಮೂವತ್ತೆರಡು ದಿನ ಕಳೆಯಿತು. ದೇವೀರಮ್ಮ ಇಳಿದುಹೋದಳು. ದಾರಿಯಲ್ಲಿ ಹೆಜ್ಜೆ ಸಪ್ಪಳ ಮಣೆಯಿಂದ ಒಮ್ಮೆ ಪಟಪಟ ಎಂದರೆ ನಿಂತು ಕೇಳುವಳು, ಇನ್ನು ಎಂಟು ದಿನಕ್ಕೆ ಇದೂ ಹೋಗುತ್ತದೆ ಎನ್ನುವಳು, ಮತ್ತೆ ಮುಂದಿನ ಮನೆಯ ಕಡೆಗೆ ನಡೆಯುವಳು. ಒಂದು ದಿನವೂ ಸಹಿ ಹಾಕಿಬಿಡಲೇ ಎಂದು ಕೇಳಲಿಲ್ಲ.

ಮೂವತ್ತಮೂರನೆಯ ದಿನ ಮರಿಮಲ್ಲಪ್ಪನ ಮನೆಗೆ ಹೋದೆವು. ಅವನು ತಕ್ಕಡಿ ರಿಪೇರಿ ಮಾಡುವವನು, ಒಂಟಿ ಮನುಷ್ಯ. ತಾಯಿಗೆ ಅರ್ಜಿ ಹಾಕಿ ಎರಡು ವರ್ಷವಾಗಿತ್ತು, ಮಣೆಗೆ ಒಂದು ಬಿಕ್ಕಳಿಕೆ ಕೂಡ ಬಂದಿರಲಿಲ್ಲ. ಆದರೂ ದಿನವೂ ಮಣೆ ತೊಳೆದು ಹೂವಿಡುತ್ತಿದ್ದ. ನಮ್ಮನ್ನು ಕಂಡು ಕಾಫಿ ಮಾಡುತ್ತೇನೆಂದು ಎದ್ದ. ಇದ್ದಿಲೊಲೆ ಹೊತ್ತಲಿಲ್ಲ, ಹೊಗೆ ತುಂಬಿತು. ದೇವೀರಮ್ಮ, "ಸರಿಯಪ್ಪ ಅತ್ಲಾಗೆ" ಎಂದು ತಾನೇ ಒಲೆಯ ಮುಂದೆ ಕೂತು ಹೊತ್ತಿಸಿದಳು. ಅವಳು ಕೆಮ್ಮುತ್ತ ಹಿಂದಕ್ಕೆ ಸರಿದದ್ದೇ ತಡ, ಮಣೆ ನಕ್ಕಿತು. ಹಿಂದೆಂದೂ ಕೇಳದಷ್ಟು ಜೋರಾಗಿ, ಉಸಿರು ಕಟ್ಟುವಷ್ಟು ನಕ್ಕಿತು.

ಮರಿಮಲ್ಲಪ್ಪ ಕಾಫಿ ಪಾತ್ರೆ ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟ. "ನಮ್ಮವ್ವ" ಎಂದ. "ಎಲ್ಲೂ ನಗದೇ ಇದ್ದಿದ್ದು ನಮ್ಮನೆಗೆ ಬಂದ್ಮೇಲೆ ನಕ್ತಲ್ಲ. ನನ್ ಕಾಫಿ ನೋಡಿ ನಗ್ತಾವ್ಳೆ ನಮ್ಮವ್ವ." ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ದೇವೀರಮ್ಮ ಅವನ ಬೆನ್ನು ಸವರಿ, ಅಂತೂ ಮನೆ ಸಿಕ್ಕಿತಲ್ಲ ಎಂದು ದೇವರಿಗೆ ಕೈಮುಗಿದಳು. ಕಡೆಗೆ ಬೀದಿಯ ತಿರುವಿನಲ್ಲಿ ಮಾತ್ರ, "ಯಾಕೋ ಬಿಟ್ಟುಕೊಡೋಕೆ ಮನ್ಸು ಬರ್ತಿಲ್ಲ ಗುಮಾಸ್ತ್ರೇ. ಅಭ್ಯಾಸ ಆಗೋಗಿತ್ತು" ಎಂದಳು.

ಹಸ್ತಾಂತರಕ್ಕೆ ನಲವತ್ತನೆಯ ದಿನ ನಿಗದಿಯಾಯಿತು. ಅದರ ಮುಂಚಿನ ಮಧ್ಯಾಹ್ನ ನಾನು ಕಚೇರಿಯಲ್ಲಿ ಕೂತು, ರಿಜಿಸ್ಟರಿನಲ್ಲಿ ಚದುರಿಹೋಗಿದ್ದ ನಗುಗಳನ್ನು ಒಂದೇ ಹಾಳೆಗೆ ನಕಲು ಮಾಡುತ್ತಿದ್ದೆ. ನನ್ನ ಎದುರಿಗೆ ನಕ್ಕದ್ದು ಒಟ್ಟು ಹನ್ನೊಂದು ಸಲ. ಬೇರೆ ಬೇರೆ ಪುಟದಲ್ಲಿದ್ದಾಗ ಕಾಣದ್ದು ಒಂದರ ಕೆಳಗೆ ಒಂದು ಬರೆದಾಗ ಕಂಡಿತು. ಒಂಬತ್ತು ಹನ್ನೆರಡು, ಮೇಷ್ಟ್ರ ಅವಸರ, ದೇವೀರಮ್ಮ ಬೀಸಣಿಗೆ ಬಿಟ್ಟು ಪೆಟ್ಟಿಗೆಗೆ ಬಾಯಲ್ಲಿ ಊದಿದರು. ಎಂಟು ನಲವತ್ತು, ಇದ್ದಿಲು ಹಸಿ, ಬಾಯಲ್ಲಿ ಊದಿದರು. ಐದು ಐವತ್ತು, ಮರಿಮಲ್ಲಪ್ಪನ ಒಲೆ, ಬಾಯಲ್ಲಿ ಊದಿದರು. ಹನ್ನೊಂದಕ್ಕೆ ಹನ್ನೊಂದೂ ಊದಿದರು, ಊದಿದರು, ಊದಿದರು. ನನ್ನ ಶರಟಿಗೆ ಬೂದಿ ಹಾರಬಾರದೆಂದು ಆ ಪುಣ್ಯಾತ್ಮಗಿತ್ತಿ ನಾನಿದ್ದಾಗ ಬೀಸಣಿಗೆ ಹಿಡಿಯುತ್ತಿದ್ದಳು. ಮರೆತಾಗ ಮಾತ್ರ ಊದುತ್ತಿದ್ದಳು. ನಗು ಕಡಿಮೆಯಾಗಿದ್ದು ನನ್ನ ಬಿಳಿ ಶರಟಿನ ದೆಸೆಯಿಂದ.

ನಲವತ್ತನೆಯ ದಿನ ಹತ್ತು ಗಂಟೆಗೆ ಮರಿಮಲ್ಲಪ್ಪ ಹೊಸ ಪಂಚೆ ಉಟ್ಟು, ಜೇಬಿನಲ್ಲಿ ಸ್ವಂತ ಪೆನ್ನು ಸಿಕ್ಕಿಸಿಕೊಂಡು ಬಂದ. ಪೆನ್ನಿನ ಮುಚ್ಚಳ ತೆಗೆದೇ ಕೂತ. ದೇವೀರಮ್ಮ ಮಣೆಯನ್ನು ಒರೆಸಿ ಮೇಜಿನ ಪಕ್ಕ ಇಟ್ಟಳು. ನಾನು ಹಾಳೆ ಕೊಡಲಿಲ್ಲ. "ನಿಮ್ಮ ಇಸ್ತ್ರಿ ಪೆಟ್ಟಿಗೆ ತಗೊಂಡು ಬನ್ನಿ. ಇದ್ದಿಲು ಸಮೇತ" ಎಂದೆ.

"ಯಾಕ್ ಸ್ವಾಮಿ, ದೊಡ್ಡ ಸಾಹೇಬ್ರ ಕೋಟು ಸುಕ್ಕಾಗಿದ್ಯಾ?"

"ತಗೊಂಡು ಬನ್ನಿ ಅಂದ್ರೆ."

ಕಚೇರಿಯ ನಡುವೆ ಅವಳು ಪೆಟ್ಟಿಗೆಗೆ ಕೆಂಡ ತುಂಬಿ, ಬೀಸಣಿಗೆಯಿಂದ ಗಾಳಿ ಹಾಕಿದಳು. ಮಣೆ ಸುಮ್ಮನಿತ್ತು. ಬೀಸಣಿಗೆ ಕೊಡಿ ಎಂದು ಇಸಿದುಕೊಂಡೆ. ಬಾಯಲ್ಲಿ ಊದಿ ಎಂದೆ. ನಿಮ್ಮ ಶರಟು, ಎಂದಳು. ಶರಟು ಹಾಳಾಗಿ ಹೋಗಲಿ ಎಂದೆ. ಅವಳು ಬಗ್ಗಿ, ಎರಡೂ ಕೆನ್ನೆ ಪೂರಿಗಳ ಹಾಗೆ ಉಬ್ಬಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಪೆಟ್ಟಿಗೆಯ ತೂತಿಗೆ ಉಫ್ ಎಂದು ಊದಿದಳು. ಬೂದಿಯೆಲ್ಲ ಎದುರಿನ ತೂತಿಗೆ ಹೋಗುವ ಬದಲು ಹಿಂದಕ್ಕೆ ಹಾರಿ ಅವಳ ಮೂಗು ಹುಬ್ಬು ಎಲ್ಲ ಬೆಳ್ಳಗಾಯಿತು. ಅಷ್ಟಾದರೂ ಅವಳು ಗಂಭೀರವಾಗಿ ಇನ್ನೊಂದು ಸಲ ಊದಲು ಕೆನ್ನೆ ಉಬ್ಬಿಸಿದಳು.

ಮಣೆ ಮೂಗಿನಲ್ಲಿ ಶುರುಮಾಡಿತು. ಬಿಗಿಹಿಡಿಯಿತು. ಆಮೇಲೆ ಹಿಡಿಯಲಾಗದೆ ನಕ್ಕಿತು, ನಕ್ಕಿತು.

ಅವಳಿಗೆ ಇನ್ನೂ ತಿಳಿದಿರಲಿಲ್ಲ. ನಾನು ಮರಿಮಲ್ಲಪ್ಪನಿಗೆ ಊದಲು ಹೇಳಿದೆ. ಅವನು ಊದಿದ, ಬೂದಿ ಅವನ ಮೀಸೆಗೂ ಹತ್ತಿತು. ಮಣೆ ಉಸಿರೆತ್ತಲಿಲ್ಲ. ಅವನು ಇನ್ನೊಂದು ಸಲ ಊದಿದ, ಮೂರನೆಯ ಸಲವೂ ಊದಿದ. ಆಮೇಲೆ ಬಹಳ ಹೊತ್ತು ಮಣೆಯನ್ನೇ ನೋಡುತ್ತ ಕೂತು, ಮೇಜಿನ ಮೇಲಿದ್ದ ಮುಚ್ಚಳ ತೆಗೆದುಕೊಂಡು ಪೆನ್ನಿಗೆ ಹಾಕಿದ. "ನನ್ನ ನೋಡಿ ನಕ್ಕಿದ್ದಲ್ಲ ಅದು" ಎಂದ. "ಅವರನ್ನ ನೋಡಿ ನಕ್ಕಿದ್ದು. ಯಾರೋ ಬಲು ಪ್ರೀತಿ ಇರೋರು." ಅಷ್ಟು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೋ ದೇವರಿಗೇ ಗೊತ್ತು. ಸಹಿ ಹಾಕಿಬಿಟ್ಟಿದ್ದರೆ ತಡೆಯುವ ಅಧಿಕಾರ ನನಗಿರಲಿಲ್ಲ. ಆ ದಿನ ಒಂದೇ ಕೋಣೆಯಲ್ಲಿ ತಮ್ಮದಲ್ಲದ್ದಕ್ಕೆ ಸಹಿ ಹಾಕದವರು ಇಬ್ಬರಿದ್ದರು.

ದೇವೀರಮ್ಮ ಬೂದಿ ಮೆತ್ತಿದ ಮುಖದಲ್ಲೇ ನಿಂತಿದ್ದಳು. ಕೈ ಬಾಯಿಯ ಮೇಲಿತ್ತು.

"ಒಲೆ ಊದೋ ಕೆಲಸ ನಂದು" ಎಂದಳು ನಿಧಾನವಾಗಿ. "ದೊಡ್ಡಮ್ಮ ನನಗೆ ಹೇಳೋಳು, ಅಕ್ಕ ಪಕ್ಕದಲ್ಲಿ ಬಟ್ಟೆ ಮಡಿಸೋಳು. ಕೊಳವೆ ಕೊಡ್ತಿರಲಿಲ್ಲ, ಬಾಯಲ್ಲೇ ಊದ್ಬೇಕು. ಊದಿ ಕಣ್ಣು ಬಿಟ್ರೆ ಅಕ್ಕ ಗೋಡೆ ಕಡೆ ತಿರುಗಿರೋಳು. ಹೆಗಲು ಹಿಂಗೆ, ಹಿಂಗೆ ಕುಣೀತಿತ್ತು. ದಿನಾ. ಅಳ್ತಾವ್ಳೆ ಅಂದ್ಕೊಂಡಿದ್ದೆ ಗುಮಾಸ್ತ್ರೇ. ನನ್ನ ದೆಸೆಯಿಂದ ಅಕ್ಕ ದಿನಾ ಅಳ್ತಾಳೆ ಅಂತ, ಇಷ್ಟು ವರ್ಷ ಅದನ್ನೇ ಹೊತ್ಕೊಂಡು ಓಡಾಡಿದೀನಿ."

ಅವಳು ಮಣೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಅದನ್ನು ತಟ್ಟಿ, "ಕಳ್ಳಿ" ಎಂದಳು. ಆಮೇಲೆ ಎದ್ದು ಬಂದು ಸಹಿ ಹಾಕಿದಳು. ಹಾಳೆಯ ಮೇಲೆ ಅವಳ ಹೆಬ್ಬೆರಳಿನ ಬೂದಿಯ ಗುರುತು ಇವತ್ತಿಗೂ ಇದೆ. ದೊಡ್ಡ ಸಾಹೇಬರು ಇದೇನು ಕೊಳೆ ಎಂದು ಕೇಳಿದರು, ದಾಖಲೆ ಎಂದೆ.

ಹೊರಗೆ ಹೋಗುವಾಗ ಅವಳು ಮರಿಮಲ್ಲಪ್ಪನ ತೋಳು ಹಿಡಿದು ನಿಲ್ಲಿಸಿದಳು. ಅದಾದ ಮೇಲೆ ಪ್ರತಿ ಶುಕ್ರವಾರ ಅವನ ಮನೆಗೆ ಹೋಗಿ, ಅವನ ತಾಯಿ ಹೇಗೆ ಕೂರುತ್ತಿದ್ದರು, ಏನು ತಿನ್ನುತ್ತಿದ್ದರು, ಏನೆಂದು ಬೈಯುತ್ತಿದ್ದರು ಎಂದು ಕೇಳಿ ಕೇಳಿ ಅವನಿಂದ ಹೇಳಿಸುತ್ತಿದ್ದಳು. ಬಂದಾಗ ಗುರುತು ಸಿಗಬೇಕಲ್ಲ, ನನ್ನ ಹಾಗೆ ಪೆದ್ದಾಗಬಾರದು ಎನ್ನುತ್ತಿದ್ದಳು. ಐದು ತಿಂಗಳಿಗೆ ಅವನ ಮಣೆಯಿಂದ ಎಲೆಅಡಿಕೆ ಕುಟ್ಟುವ ಸದ್ದು ಕೇಳಿಸಿತು. ಅವನು ಕಚೇರಿಗೆ ಬರುವ ಮೊದಲು ಹುಣಸೆಮರದ ಕಡೆಗೆ ಓಡಿದ್ದ. ನಾನು ನಿಯಮದ ಪ್ರಕಾರ ಮೂರು ಬೆಳಿಗ್ಗೆ ಕೂತೆ, ಆದರೆ ಮೊದಲ ಬೆಳಿಗ್ಗೆಯೇ ಅವನ ಮುಖ ನೋಡಿ ನನಗೆ ಗೊತ್ತಾಗಿಹೋಗಿತ್ತು.

ಪುಟ್ಟತಾಯಮ್ಮನ ಕಡೆಯಿಂದ ಆಮೇಲೆ ಇನ್ನೂ ಎರಡು ಬಂದವು. ಒಂದು ಹರಳೆಣ್ಣೆಯ ವಾಸನೆ, ಇನ್ನೊಂದು ನಿಟ್ಟುಸಿರು. ಎರಡಕ್ಕೂ ದೇವೀರಮ್ಮ ಕಣ್ಣು ಮುಚ್ಚಿ, ಹೊತ್ತು ತೆಗೆದುಕೊಂಡು, ಮೂರು ಸಲ ಕೇಳಿ ಮೂಸಿ ಸಹಿ ಹಾಕಿದಳು. ನಗುವಿಗೆ ಸಹಿ ಬಿದ್ದ ಒಂದು ವರ್ಷ ಎರಡು ತಿಂಗಳಿಗೆ, ಮಾಘದ ಒಂದು ಬೆಳಿಗ್ಗೆ, ಆಕೆ ಬಂದರು.

ಕೊನೆಯ ಆಗಮನಕ್ಕೂ ಗುಮಾಸ್ತ ಇರಲೇಬೇಕು. ನಾನು ಬಸ್ ಸ್ಟ್ಯಾಂಡಿನಲ್ಲಿದ್ದೆ. ಬಸ್ಸಿನಿಂದ ಇಳಿದ ತೆಳ್ಳನೆಯ ಹೆಂಗಸು ಸದ್ದೇ ಇಲ್ಲದೆ ನಡೆದುಬಂದರು, ಹೆಜ್ಜೆ ಇಲ್ಲಿದ್ದದ್ದರಿಂದ. ಕೈಯಲ್ಲಿದ್ದ ಗಂಟಿನಲ್ಲಿ ಬಟ್ಟೆಗಳೆಲ್ಲ ಮುದ್ದೆಮುದ್ದೆಯಾಗಿ ತುರುಕಿದ್ದವು, ಮಡಿಕೆ ಇಲ್ಲಿದ್ದದ್ದರಿಂದ. ತಂಗಿಯನ್ನು ನೋಡಿ, "ದಪ್ಪ ಆಗಿದೀಯ" ಎಂದರು. ದೇವೀರಮ್ಮ, "ನೀನು ಕಡ್ಡಿ ಆಗಿದೀಯ" ಎಂದಳು. ಇಪ್ಪತ್ತೈದು ವರ್ಷದ ಮಾತು ಅಲ್ಲಿಗೆ ಮುಗಿಯಿತು. ಇಬ್ಬರೂ ಒಬ್ಬರ ಕೈ ಒಬ್ಬರು ಬಿಡದೆ ಹುಣಸೆಮರದವರೆಗೂ ನಡೆದರು.

ಮರದ ಕೆಳಗೆ ಪುಟ್ಟತಾಯಮ್ಮನವರನ್ನು ಮಣೆಯ ಮೇಲೆ ಕೂರಿಸಿದೆವು. ಬಂದವರು ಕೂತ ಮೇಲೆ ಅವರವರದು ಅವರವರಿಗೆ ಸೇರಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಹರಳೆಣ್ಣೆಯ ವಾಸನೆ ಅವರ ತಲೆಯಿಂದಲೇ ಬರತೊಡಗಿತು. ಅವರು ಒಂದು ದೀರ್ಘ ನಿಟ್ಟುಸಿರು ಬಿಟ್ಟರು. ಎದ್ದು ಎರಡು ಹೆಜ್ಜೆ ಇಟ್ಟರೆ ಚಪ್ಪಲಿ ಪಟಪಟ ಎಂದಿತು, ಎಡಗಾಲು ಸ್ವಲ್ಪ ಜೋರು. ಗಾಡಿಯ ಮೇಲಿದ್ದ ನನ್ನದೇ ಒಂದು ಶರಟನ್ನು ಅಭ್ಯಾಸಬಲದಿಂದ ತೆಗೆದು ಕೈಕಟ್ಟಿಸಿ ಇಟ್ಟರು. ನಾನು ಒಂದೊಂದಕ್ಕೂ ನಿಮಿಷ ಬರೆದೆ. ನಾಲ್ಕು ಸೇರಿದವು, ಇನ್ನೊಂದು ಉಳಿಯಿತು.

ದೇವೀರಮ್ಮ ಪೆಟ್ಟಿಗೆಗೆ ಇದ್ದಿಲು ಹಾಕಿದಳು. ಬೀಸಣಿಗೆ ಗಾಡಿಯ ಮೇಲೆಯೇ ಇತ್ತು, ಮುಟ್ಟಲಿಲ್ಲ. ಬಗ್ಗಿ, ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ ಊದಿದಳು. ಬೂದಿ ಎದ್ದು ಅವಳ ಮೂಗಿನ ಮೇಲೆ ಕೂತಿತು.

ಪುಟ್ಟತಾಯಮ್ಮ ತಟ್ಟನೆ ಆಚೆ ತಿರುಗಿದರು. ಅಲ್ಲಿ ಗೋಡೆ ಇರಲಿಲ್ಲ, ಹುಣಸೆಮರದ ಬೊಡ್ಡೆ ಇತ್ತು, ಅದಕ್ಕೇ ಮುಖ ಒತ್ತಿಕೊಂಡರು. ಹೆಗಲು ಕುಣಿಯುತ್ತಿತ್ತು.

ದೇವೀರಮ್ಮ ಹೋಗಿ ಆ ಹೆಗಲನ್ನು ಎರಡೂ ಕೈಯಲ್ಲಿ ಹಿಡಿದಳು. "ಅಕ್ಕ. ಈ ಕಡೆ ತಿರುಗು. ಇದು ನಮ್ಮನೆ ಅನ್ನ."

ತಿರುಗಿಸಿದಳು. ಆಕೆ ತಂಗಿಯ ಮೂತಿ ನೋಡಿದರು, ತುಟಿ ಕಚ್ಚಿ ಹಿಡಿದರು, ಹಿಡಿಯಲಾಗಲಿಲ್ಲ. ಆ ಬೀದಿಯವರೆಲ್ಲ ಕೇಳಿದ್ದ ನಗು ಮೊದಲ ಸಲ ಮನುಷ್ಯರ ಬಾಯಿಂದ ಬಂತು. ನಗುತ್ತ ನಗುತ್ತ ಸೆರಗಿನ ತುದಿಯಿಂದ ತಂಗಿಯ ಮೂಗು ಒರೆಸಿ, "ಇಷ್ಟು ವಯಸ್ಸಾದ್ರೂ ಒಲೆ ಊದೋಕೆ ಬರಲಿಲ್ವಲ್ಲೇ ನಿಂಗೆ" ಎಂದರು. ದೇವೀರಮ್ಮ ಅಳುತ್ತಿದ್ದಳು, ಯಾರಿಗೂ ಬೆನ್ನು ತಿರುಗಿಸದೆ, ಎಲ್ಲರ ಎದುರಿಗೇ.

ಆ ಫೈಲು ಈಗಲೂ ಕಚೇರಿಯಲ್ಲಿದೆ. ಹೆಜ್ಜೆ, ಮಡಿಕೆ, ವಾಸನೆ, ನಿಟ್ಟುಸಿರು, ಎಲ್ಲದರ ಮುಂದೆಯೂ ಹೊತ್ತು ನಿಮಿಷ ಸಮೇತ ಬರೆದಿದ್ದೇನೆ. ನಗು ಎಂಬುದರ ಮುಂದೆ ಜಾಗ ಖಾಲಿ ಇದೆ. ಗಡಿಯಾರ ನನ್ನ ಕೈಯಲ್ಲೇ ಇತ್ತು. ನೋಡಿಕೊಳ್ಳಲಿಲ್ಲ.